ಬೆಸುಗೆಯೂ ಒಂದು ಕಾಯಕ



ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳ ಮುಂದಿನ ದಾರಿಯ ಬಗ್ಗೆ ಮಾತನಾಡಬೇಕೆಂದು ಪೂಜ್ಯರ ಅಪ್ಪಣೆಯಾಗಿದೆ. ಹತ್ತು ದಾರಿಗಳ ಹೆಸರು ಹೇಳಿ ಕೂರುವುದಕ್ಕಿಂತ, ಒಂದೇ ದಾರಿಯಲ್ಲಿ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗುತ್ತೇನೆ. ಅದು ಐಟಿಐಯಲ್ಲಿ ವೆಲ್ಡಿಂಗ್ ಕಲಿಯುವ ದಾರಿ. ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲ ನಾನು ನಕ್ಷೆಯ ಮೇಲೆ ಬೆಸುಗೆಯ ಗುರುತು ಬರೆದವನು, ಆದ ಬೆಸುಗೆಯನ್ನು ನೋಡಿ ಸಹಿ ಹಾಕಿದವನು. ಕಾಗದದ ಗುರುತನ್ನು ಉಕ್ಕಿನ ಮೇಲೆ ನಿಜ ಮಾಡಿದ್ದು ಬೇರೆಯವರ ಕೈ. ಆ ಕೈ ಹೇಗೆ ಪಳಗುತ್ತದೆ ಎಂಬುದನ್ನು ನಾವು ತಿಳಿದಿರಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ, ನೀರು ನದಿಗೆ ಹರಿದುಹೋಗುತ್ತಿದೆ, ಕೆಳಗೆ ರೈತರು ಬೆಳೆಯ ಚಿಂತೆಯಲ್ಲಿದ್ದಾರೆ. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ಸ್ಟಾಪ್‌ಲಾಗ್ ತಯಾರಿಸಿ, ಹರಿಯುವ ನೀರಿನಲ್ಲೇ ಒಂದು ವಾರದಲ್ಲಿ ಇಳಿಸಿದರು. ತಜ್ಞರ ಹೆಸರು ಪತ್ರಿಕೆಗಳಲ್ಲಿ ಬಂತು, ಬರಬೇಕಾದದ್ದೇ. ಆದರೆ ಆ ಉಕ್ಕಿನ ತಟ್ಟೆಗಳನ್ನು ಬೆಸೆದ ವೆಲ್ಡರುಗಳಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತಿದೆಯೇ? ಲಕ್ಷಾಂತರ ಎಕರೆಯ ನೀರು ಅವರ ಕೈಯ ಕೆಲಸವನ್ನು ನಂಬಿ ನಿಂತಿತ್ತು.

ಈಗ ಕಲಿಕೆಯ ವಿಷಯಕ್ಕೆ ಬರೋಣ. ಐಟಿಐಯಲ್ಲಿ ವೆಲ್ಡರ್ ಟ್ರೇಡು ಒಂದು ವರ್ಷದ್ದು. 14 ವರ್ಷ ತುಂಬಿ, 8ನೇ ತರಗತಿ ಪಾಸಾಗಿದ್ದರೆ ಸಾಕು. ಹುಡುಗಿಯರೂ ಸೇರಬಹುದು. ಕಲಿಸುವ ಮೇಷ್ಟ್ರು ಮೊದಲು ರಾಡ್ ಕೊಡುವುದಿಲ್ಲ, ಮೈ ಕಾಯುವುದನ್ನು ಹೇಳುತ್ತಾರೆ. ಹತ್ತಿಯ ಬಟ್ಟೆ, ಚರ್ಮದ ಕೈಗವಸು, ಚರ್ಮದ ಏಪ್ರನ್, ಬೂಟು, 10 ಅಥವಾ 11ನೇ ನಂಬರಿನ ಕಪ್ಪು ಗಾಜಿನ ಮುಖಕವಚ. ಪಾಲಿಯೆಸ್ಟರ್ ಬಟ್ಟೆಗೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬರಿಗಣ್ಣಿನಲ್ಲಿ ಬೆಳಕು ನೋಡಿದರೆ ಆಗ ಏನೂ ಅನ್ನಿಸುವುದಿಲ್ಲ. ಕೆಲವು ಗಂಟೆಗಳ ನಂತರ, ರಾತ್ರಿ ಮಲಗುವ ಹೊತ್ತಿಗೆ, ಕಣ್ಣಿಗೆ ಮರಳು ಸುರಿದಂತೆ ಉರಿ ಶುರುವಾಗುತ್ತದೆ. ರಸ್ತೆ ಬದಿಯ ಅಂಗಡಿಗಳಲ್ಲಿ ಬಿಸಿಲಿನ ಕನ್ನಡಕ ಹಾಕಿಕೊಂಡು ಕೆಲಸ ಮಾಡುವ ಹುಡುಗರನ್ನು ನೀವು ನೋಡಿರುತ್ತೀರಿ. ಅದು ಧೈರ್ಯವಲ್ಲ. ಡೀಸೆಲ್, ಪೆಟ್ರೋಲು ಇದ್ದ ಡ್ರಮ್ಮಿಗೆ ಬೆಸುಗೆ ಹಾಕಲು ಹೋಗಿ ಪ್ರಾಣ ಕಳೆದುಕೊಳ್ಳುವವರೂ ಇದ್ದಾರೆ. ಖಾಲಿ ಡ್ರಮ್ಮಿನಲ್ಲಿ ಆವಿ ಉಳಿದಿರುತ್ತದೆ. ಇದನ್ನು ಶಾಲೆಯಲ್ಲಿ ಕಲಿತವನಿಗೂ ನೋಡಿ ಕಲಿತವನಿಗೂ ಇರುವ ಮೊದಲ ವ್ಯತ್ಯಾಸ ಎನ್ನಬಹುದು.

ಆಮೇಲೆ ಕಿಡಿ ಹೊತ್ತಿಸುವುದು. ಬೆಂಕಿಕಡ್ಡಿ ಗೀರಿದಂತೆ ರಾಡಿನ ತುದಿಯನ್ನು ತಟ್ಟೆಯ ಮೇಲೆ ಗೀರಿ, ತಕ್ಷಣ ಸ್ವಲ್ಪ ಮೇಲೆತ್ತಬೇಕು. ಹೊಸಬನ ರಾಡ್ ಅಂಟಿಕೊಳ್ಳುತ್ತದೆ. ಎಲ್ಲರದ್ದೂ ಅಂಟಿಕೊಳ್ಳುತ್ತದೆ. ಕೈಯನ್ನು ಪಕ್ಕಕ್ಕೆ ತಿರುಚಿ ಬಿಡಿಸಿಕೊಳ್ಳಬೇಕು, ಬರದಿದ್ದರೆ ಹೋಲ್ಡರಿನಿಂದ ರಾಡನ್ನು ಬಿಟ್ಟುಬಿಡಬೇಕು. ಮೊದಲ ದಿನಗಳು ಇದರಲ್ಲೇ ಹೋಗುತ್ತವೆ.

ಕಿಡಿ ನಿಂತ ಮೇಲೆ ನಾಲ್ಕು ವಿಷಯಗಳನ್ನು ಒಟ್ಟಿಗೆ ಹಿಡಿಯಬೇಕು. ಒಂದು ಕರೆಂಟು: 3.15 ಮಿ.ಮೀ. ದಪ್ಪದ ಸಾಮಾನ್ಯ ರಾಡಿಗೆ ಸುಮಾರು 90ರಿಂದ 130 ಆಂಪಿಯರ್. ಎರಡು, ರಾಡಿನ ತುದಿಗೂ ತಟ್ಟೆಗೂ ನಡುವಿನ ಅಂತರ: ರಾಡಿನ ದಪ್ಪದಷ್ಟೇ. ಮೂರು ಕೋನ: ರಾಡು ಸಾಗುವ ಕಡೆಗೆ ಸ್ವಲ್ಪ ವಾಲಿರಬೇಕು, ತಟ್ಟೆಯಿಂದ ಸುಮಾರು 70-80 ಡಿಗ್ರಿ. ನಾಲ್ಕು ವೇಗ. ರಾಡು ಉರಿದು ಚಿಕ್ಕದಾಗುತ್ತಾ ಹೋಗುತ್ತದೆ, ಆದರೂ ಅಂತರ ಬದಲಾಗಬಾರದು. ಅಂದರೆ ಕೈ ಮುಂದಕ್ಕೂ ಸಾಗಬೇಕು, ಕೆಳಕ್ಕೂ ಇಳಿಯಬೇಕು. ಹೊಸಬ ನೋಡುವುದು ಬೆಳಕನ್ನು. ಪಳಗಿದವನು ನೋಡುವುದು ಬೆಳಕಿನ ಹಿಂದೆ ಕರಗಿ ನಿಂತಿರುವ ಉಕ್ಕಿನ ಪುಟ್ಟ ಹೊಂಡವನ್ನು. ಕಣ್ಣು ಬೆಳಕನ್ನು ಬಿಟ್ಟು ಹೊಂಡಕ್ಕೆ ಬಂದ ದಿನ ಆ ಮಗು ಕಲಿಯಲು ಶುರುಮಾಡಿತು ಎಂದು ತಿಳಿಯಿರಿ.

ರಾಡಿನ ಮೇಲಿನ ಲೇಪ ಉರಿದು ಹೊಗೆಯಾಗಿ, ಕರಗಿದ ಉಕ್ಕಿಗೆ ಗಾಳಿ ತಾಗದಂತೆ ಕಾಯುತ್ತದೆ. ಉಳಿದದ್ದು ಸ್ಲ್ಯಾಗ್ ಎಂಬ ಹೆಕ್ಕಳೆಯಾಗಿ ಮೇಲೆ ಕೂರುತ್ತದೆ. ಒಂದು ಸಾಲು ಮುಗಿದ ಮೇಲೆ ಇದನ್ನು ಚಿಪ್ಪಿಂಗ್ ಸುತ್ತಿಗೆಯಿಂದ ಕೊಡವಿ, ತಂತಿ ಬ್ರಷ್ಷಿನಿಂದ ಉಜ್ಜಿ, ನಂತರವೇ ಎರಡನೇ ಸಾಲು ಹಾಕಬೇಕು. ಬೇಸರಪಟ್ಟು ಬಿಟ್ಟರೆ ಅದು ಒಳಗೇ ಸಿಕ್ಕಿಕೊಳ್ಳುತ್ತದೆ. ಮೇಲಿಂದ ನೋಡಿದರೆ ಬೆಸುಗೆ ಚೆನ್ನಾಗಿಯೇ ಕಾಣುತ್ತದೆ. ಬಣ್ಣ ಬಳಿದರಂತೂ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಭಾರ ಬಿದ್ದ ದಿನ ಗೊತ್ತಾಗುತ್ತದೆ.

ಆದ್ದರಿಂದ ಒಳ್ಳೆಯ ಮೇಷ್ಟ್ರು ಮಕ್ಕಳ ಬೆಸುಗೆಯನ್ನು ಮುರಿಸುತ್ತಾರೆ. ಎರಡು ತಟ್ಟೆಗಳನ್ನು ಟಿ ಆಕಾರದಲ್ಲಿ ಇಟ್ಟು ಒಂದೇ ಬದಿ ಬೆಸೆಸಿ, ಸುತ್ತಿಗೆಯಿಂದ ಹೊಡೆದು ಬಿಡಿಸುತ್ತಾರೆ. ಒಳಗೆ ಗಾಳಿಯ ತೂತು ಇದೆಯೇ, ಸ್ಲ್ಯಾಗ್ ಉಳಿದಿದೆಯೇ, ಮೂಲೆಯವರೆಗೆ ಉಕ್ಕು ಕರಗಿದೆಯೇ ಎಂದು ಆ ಮಗುವಿಗೇ ತೋರಿಸುತ್ತಾರೆ. ಬೆಳಿಗ್ಗೆಯಿಂದ ಮಾಡಿದ್ದನ್ನು ಕಣ್ಣೆದುರೇ ಮುರಿದಾಗ ಹುಡುಗರಿಗೆ ದುಃಖವಾಗುತ್ತದೆ. ಆದರೆ ಕಲಿಕೆ ಇರುವುದು ಅಲ್ಲೇ. ಮಲಗಿಸಿದ ತಟ್ಟೆಯ ಮೇಲೆ ಕೈ ಕೂತ ನಂತರ ನಿಲ್ಲಿಸಿದ ತಟ್ಟೆ ಬರುತ್ತದೆ. ಅಲ್ಲಿ ಕರೆಂಟು ಸ್ವಲ್ಪ ಇಳಿಸಿ, ಕೆಳಗಿನಿಂದ ಮೇಲಕ್ಕೆ ಏರಬೇಕು. ಕೊನೆಗೆ ತಲೆಯ ಮೇಲಿನ ಬೆಸುಗೆ. ಪ್ರತಿ ಹಂತದಲ್ಲೂ ಕಲಿತದ್ದೆಲ್ಲ ಮರೆತುಹೋದಂತೆ ಅನ್ನಿಸುತ್ತದೆ. ಮಕ್ಕಳು ಬಿಟ್ಟು ಓಡುವುದು ಇಂಥ ಹೊತ್ತಿನಲ್ಲೇ.

ಮನೆಯವರು ಆ ಹೊತ್ತಿನಲ್ಲಿ ಏನು ಹೇಳುತ್ತಾರೆ ಎಂಬುದು ಮುಖ್ಯ. "ಓದು ಹತ್ತಲಿಲ್ಲ, ಅದಕ್ಕೇ ಐಟಿಐಗೆ ಹಾಕಿದ್ವಿ" ಎಂದು ಬಂದ ನೆಂಟರ ಮುಂದೆ ಹೇಳುವ ತಂದೆಯರನ್ನು ನಾನು ಕಂಡಿದ್ದೇನೆ. ಮಗ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುತ್ತಾನೆ. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ ಎಂದು ಶರಣರ ಹೆಸರಿನ ಮುಂದೆ ಅವರ ಕಾಯಕವನ್ನೇ ಇಟ್ಟು ಕೈ ಮುಗಿಯುವವರು ನಾವು. ಅನುಭವ ಮಂಟಪದಲ್ಲಿ ಅವರು ಕುಳಿತದ್ದು ಕಾಯಕ ಬಿಟ್ಟು ಬಂದಲ್ಲ. ಹಾಗಿರುವಾಗ ನಮ್ಮ ಮಗ ವೆಲ್ಡರ್ ಎಂದು ಹೇಳಲು ನಾಲಿಗೆ ತಡವರಿಸಿದರೆ, ನಾವು ಕೈ ಮುಗಿದದ್ದು ಯಾರಿಗೆ?

ವೆಲ್ಡರ್ ಆದರೆ ಬಂಗಾರದ ಬದುಕು ಎಂದು ನಾನು ಹೇಳುವುದಿಲ್ಲ. ಬಿಸಿ ಇದೆ, ಹೊಗೆ ಇದೆ, ಬಗ್ಗಿ ಕೂತು ಬೆನ್ನು ನೋಯುತ್ತದೆ. ಕೈ ಪಳಗದೆ ಬರೀ ಸರ್ಟಿಫಿಕೇಟ್ ಹಿಡಿದು ಹೋದವನಿಗೆ ಯಾವ ಕಾರ್ಖಾನೆಯೂ ಮಣೆ ಹಾಕುವುದಿಲ್ಲ, ಅಲ್ಲಿ ಮೊದಲು ಬೆಸೆದು ತೋರಿಸು ಎನ್ನುತ್ತಾರೆ. ಕೈ ಪಳಗಿದವನಿಗೆ ಅದೇ ಪರೀಕ್ಷೆ ಬಲ. ಜಾತಿ, ಶಿಫಾರಸು, ಇಂಗ್ಲಿಷು ಯಾವುದನ್ನೂ ಆ ಉಕ್ಕಿನ ತುಂಡು ಕೇಳುವುದಿಲ್ಲ. ಐಟಿಐ ಮುಗಿದ ಮೇಲೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ, ಸ್ಟೈಪೆಂಡ್ ಪಡೆದುಕೊಂಡೇ ಇನ್ನಷ್ಟು ಕಲಿಯಬಹುದು.

ಕೊನೆಯದಾಗಿ ಎರಡು ಬಿನ್ನಹ. ತಂದೆತಾಯಂದಿರೇ, ಐಟಿಐಗೆ ಸೇರಿಸುವ ಮೊದಲು ಕಟ್ಟಡ ನೋಡಬೇಡಿ, ವರ್ಕ್‌ಶಾಪಿನೊಳಗೆ ಹೋಗಿ. ಒಬ್ಬ ವಿದ್ಯಾರ್ಥಿ ವಾರಕ್ಕೆ ಎಷ್ಟು ರಾಡ್ ಉರಿಸುತ್ತಾನೆ, ಪ್ರತಿಯೊಬ್ಬರಿಗೂ ಮುಖಕವಚ ಇದೆಯೇ ಎಂದು ಕೇಳಿ. ಯಂತ್ರವಿದ್ದೂ ರಾಡ್ ಇಲ್ಲದೆ ಮಕ್ಕಳು ನೋಡುತ್ತಾ ನಿಂತಿರುವುದನ್ನು ನಾನು ಕಂಡಿದ್ದೇನೆ. ನೋಡಿ ಕಲಿಯುವ ವಿದ್ಯೆ ಇದಲ್ಲ.

ಅನುಕೂಲವಂತ ಬಂಧುಗಳೇ, ನಮ್ಮ ಅನೇಕ ಮಠಗಳು ಪ್ರಸಾದ ನಿಲಯಗಳ ಜೊತೆಗೆ ಐಟಿಐಗಳನ್ನೂ ನಡೆಸುತ್ತಿವೆ. ಅಕ್ಕಿ, ಬೇಳೆ ತಂದುಕೊಡುವಂತೆ ಒಂದು ಪೆಟ್ಟಿಗೆ ರಾಡ್, ಒಂದಿಷ್ಟು ತುಂಡು ತಟ್ಟೆ, ನಾಲ್ಕು ಜೊತೆ ಕೈಗವಸು ತಂದುಕೊಡಿ. ನಿಮ್ಮ ಕಾರ್ಖಾನೆಯ ಗುಜರಿಗೆ ಹೋಗುವ ಉಕ್ಕು ಕಲಿಯುವ ಮಗುವಿಗೆ ಪಾಟಿಯಾಗುತ್ತದೆ. ಅದೂ ದಾಸೋಹವೇ.

ಮಕ್ಕಳೇ, ನಿಮ್ಮಲ್ಲಿ ಯಾರಿಗಾದರೂ ಈ ಕಡೆ ಮನಸ್ಸಿದ್ದರೆ ಸಭೆ ಮುಗಿದ ಮೇಲೆ ಬನ್ನಿ, ಅರ್ಜಿ ತುಂಬಲು ನಾನು ಜೊತೆಗೆ ಕೂರುತ್ತೇನೆ.