ಆಯಿಲ್ ಮೀಟರ್ ಸೊನ್ನೆ ತೋರಿಸ್ತಿದೆ: ಮೀಟರ್ ಸುಳ್ಳಾ, ಎಂಜಿನ್ ಸುಳ್ಳಾ?

ಇವತ್ತಿನ ವಿಷಯ ಟ್ರ್ಯಾಕ್ಟರ್ ಡ್ಯಾಶ್‌ಬೋರ್ಡ್‌ನಲ್ಲಿ ಯಾರೂ ನೋಡದ ಒಂದು ಪುಟ್ಟ ಮುಳ್ಳು, ಆಯಿಲ್ ಪ್ರೆಶರ್ ಮೀಟರ್.

ಹುಲಿಕೆರೆ ಅಂದ್ರೆ ಹೊರಗಿನವರಿಗೆ ಹೊಯ್ಸಳರ ಕಾಲದ ಕಲ್ಲಿನ ಕೊಳ. ನಮಗೆ ಹೊಲ, ಬೋರು, ಟ್ರ್ಯಾಕ್ಟರ್. ನಮ್ಮ ದೊಡ್ಡಪ್ಪನ ಹಳೇ ಟ್ರ್ಯಾಕ್ಟರಿಗೆ ಎಂಜಿನ್ ಬಿಚ್ಚಿಸಿ ಬೋರಿಂಗ್, ಹೊಸ ಪಿಸ್ಟನ್, ಬೇರಿಂಗ್ ಎಲ್ಲಾ ಹಾಕ್ಸಿದ್ವಿ. ಮೂರನೇ ದಿನ ರೋಟವೇಟರ್ ಹೊಡೀತಿದ್ದಾಗ ಮುಳ್ಳು ಸೊನ್ನೆಗೆ ಬಿತ್ತು. ರಾಗಿ ಬಿತ್ತನೆ ಟೈಮು. ಪಕ್ಕದ ಹೊಲದವರು, "ಮೀಟರ್ ಹಾಳಾಗಿರುತ್ತೆ, ಓಡ್ಸಪ್ಪ" ಅಂದ್ರು. ದೊಡ್ಡಪ್ಪ ಅಲ್ಲೇ ಆಫ್ ಮಾಡಿದ್ರು. ನನ್ನ ಪ್ರಕಾರ ಅವತ್ತು ಆ ಎಂಜಿನ್ ಉಳಿದಿದ್ದು ಅದೊಂದರಿಂದ.

ಕ್ರ್ಯಾಂಕ್ ಮತ್ತೆ ಬೇರಿಂಗ್ ನಡುವೆ ಇರೋದು ಕೂದಲೆಳೆಗಿಂತ ತೆಳ್ಳಗಿನ ಆಯಿಲ್ ಪದರ. ಲೋಡ್ ಇರುವಾಗ ಅದು ತಪ್ಪಿದ್ರೆ ಲೋಹಕ್ಕೆ ಲೋಹ ಉಜ್ಜುತ್ತೆ, ಸ್ವಲ್ಪ ಹೊತ್ತಲ್ಲೇ ಬೇರಿಂಗ್ ಹಿಡ್ಕೊಳ್ಳುತ್ತೆ. ಮೀಟರ್ ಸುಳ್ಳೋ ನಿಜವೋ ಅಂತ ಓಡಿಸಿ ನೋಡೋ ಹಾಗಿಲ್ಲ. ಮೊದಲು ನಿಲ್ಸಿ, ಡಿಪ್‌ಸ್ಟಿಕ್ ನೋಡಿ. ನಮ್ಮದರಲ್ಲಿ ಆಯಿಲ್ ಸರಿಯಾಗೇ ಇತ್ತು.

ಆಮೇಲೆ ವೈರ್. ಎಂಜಿನ್ ಬ್ಲಾಕಿಗೆ ತಿರುಗಿಸಿರೋ ಸಣ್ಣ ಡಬ್ಬಿ ಇದೆಯಲ್ಲ, ಅದೇ ಸೆಂಡರ್. ಕೀ ಮಾತ್ರ ಆನ್ ಮಾಡಿ, ಸ್ಟಾರ್ಟ್ ಮಾಡ್ಬೇಡಿ. ಸೆಂಡರ್ ವೈರ್ ಬಿಚ್ಚಿ ಒಂದು ಕ್ಷಣ ಎಂಜಿನ್ ಬಾಡಿಗೆ ಮುಟ್ಟಿಸಿ. ನಮ್ಮ ಮೀಟರಲ್ಲಿ ವೈರ್ ಬಿಚ್ಚಿದಾಗ ಸೊನ್ನೆ, ಮುಟ್ಟಿಸಿದಾಗ ಮುಳ್ಳು ಆ ತುದಿಗೆ ಹೋಯ್ತು. ಕೆಲವು ಕಂಪನಿ ಮೀಟರಲ್ಲಿ ಇದು ಉಲ್ಟಾ. ಅದಕ್ಕೇ ಒಂದು ಜಾತಿ ಮೀಟರಿಗೆ ಇನ್ನೊಂದು ಜಾತಿ ಸೆಂಡರ್ ಹಾಕಿದ್ರೆ ಓದೋದೆಲ್ಲ ತಪ್ಪು. ಮುಳ್ಳು ಎರಡೂ ಕಡೆ ಓಡಾಡಿದ್ರೆ ಮೀಟರ್, ವೈರ್ ಚೆನ್ನಾಗಿವೆ. ಉಳಿದಿದ್ದು ಸೆಂಡರ್, ಇಲ್ಲಾ ನಿಜವಾಗ್ಲೂ ಪ್ರೆಶರ್ ಇಲ್ಲ.

ಸೆಂಡರ್ ಬಿಚ್ಚಿದ್ರೆ ಥ್ರೆಡ್ ಮೇಲೆ ಬಿಳಿ ಪ್ಲಂಬಿಂಗ್ ಟೇಪ್ ದಪ್ಪಗೆ ಸುತ್ತಿದ್ರು. ಒಂದೇ ವೈರಿನ ಸೆಂಡರಿಗೆ ಅರ್ತಿಂಗ್ ಸಿಗೋದೇ ಆ ಥ್ರೆಡ್‌ನಿಂದ. ಟೇಪ್ ತೆಗೆದು ಹಾಕಿ, ಸ್ಟಾಪ್ ನಾಬ್ ಎಳ್ಕೊಂಡು ಡೀಸೆಲ್ ಬಂದ್ ಮಾಡಿ ಸೆಲ್ಫ್ ಹೊಡೆದ್ವಿ. ಮುಳ್ಳು ಎದ್ದಿತು! ಎಲ್ಲರೂ ಊಟಕ್ಕೆ ಹೊರಟ್ರು.

ಮೆಕ್ಯಾನಿಕ್ ಅಣ್ಣ ಮಾತ್ರ ಒಪ್ಪಲಿಲ್ಲ. ಸೆಂಡರ್ ಜಾಗಕ್ಕೆ ವೈರೇ ಬೇಡದ ಮೆಕ್ಯಾನಿಕಲ್ ಗೇಜ್ ಹಾಕಿ ಸ್ಟಾರ್ಟ್ ಮಾಡಿದ್ರು. ತಣ್ಣಗಿದ್ದಾಗ 50 ಪಿಎಸ್‌ಐ. ಅರ್ಧ ಗಂಟೆ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ 6. ಬಾಯಿಲೆಕ್ಕದ ಪ್ರಕಾರ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಇರ್ಬೇಕು, ಸರಿಯಾದ ಅಂಕಿ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. 6 ಅಂದ್ರೆ ಕಡಿಮೆನೇ. ಬೇರಿಂಗ್ ಸಡಿಲ ಇದ್ರೂ ಬಿಸಿಯಲ್ಲೇ ಹೀಗೆ ಬೀಳುತ್ತೆ. ಹಾಗಾಗಿದ್ರೆ ಮತ್ತೆ ಪೂರ್ತಿ ಎಂಜಿನ್ ಖರ್ಚು. ದೊಡ್ಡಪ್ಪ ಮಾತೇ ಆಡ್ಲಿಲ್ಲ.

ಚೇಂಬರ್ ಇಳಿಸಿದ್ವಿ. ಸ್ಟ್ರೈನರ್ ಜಾಲರಿಗೆ ಗ್ಯಾಸ್ಕೆಟ್ ಪೇಸ್ಟ್ ಚೂರುಗಳು ಅಂಟ್ಕೊಂಡಿದ್ವು. ರಿಲೀಫ್ ವಾಲ್ವಲ್ಲೂ ಒಂದು ಚೂರು ಸಿಕ್ಕಿ, ಅದು ಪೂರ್ತಿ ಮುಚ್ಚದೆ ಆಯಿಲ್ ವಾಪಸ್ ಚೇಂಬರಿಗೇ ಹೋಗ್ತಿತ್ತು. ಒಂದು ಬೇರಿಂಗ್ ಕ್ಯಾಪ್ ಬಿಚ್ಚಿ ನೋಡಿದ್ವಿ, ಗೀರಿಲ್ಲ. ತೊಳೆದು, ಹೊಸ ಆಯಿಲ್, ಫಿಲ್ಟರ್ ಹಾಕಿದ ಮೇಲೆ ಬಿಸಿ ಐಡ್ಲಿಂಗ್‌ನಲ್ಲಿ 18. ಅಂದ್ರೆ ಮೀಟರೂ ಸುಳ್ಳು ಹೇಳ್ತಿತ್ತು, ಒಳಗೆ ತೊಂದರೆನೂ ಇತ್ತು. ಟೇಪ್ ತೆಗೆದ ಖುಷಿಯಲ್ಲಿ ಹೊಲಕ್ಕೆ ಹೋಗಿದ್ರೆ ಗೊತ್ತೇ ಆಗ್ತಿರಲಿಲ್ಲ.

ಮಲ್ಪೆ, ಮಂಗಳೂರು ಕಡೆಯಿಂದ ಕೇಳ್ತಿರೋರಿಗೆ: ಬೋಟ್ ಎಂಜಿನಿಗೂ ಇದೇ ದಾರಿ. ಅಲ್ಲಿ ಎಂಜಿನ್ ಕೆಳಗೆ, ಮೀಟರ್ ಮೇಲೆ, ನಡುವೆ ಉದ್ದ ವೈರು, ಉಪ್ಪುಗಾಳಿಗೆ ಜಾಯಿಂಟ್ ಹಸಿರು ಹಿಡಿಯುತ್ತೆ. ಮೀಟರ್ ಸುಳ್ಳು ಹೇಳೋದು ಜಾಸ್ತಿ. ಆದ್ರೆ ಕಡಲ ಮಧ್ಯೆ ಎಂಜಿನ್ ಹಿಡ್ಕೊಂಡ್ರೆ ಎಳೆದು ತರೋಕೆ ಇನ್ನೊಂದು ಬೋಟೇ ಬೇಕು. ಕಡಲಿಗೆ ಇಳಿಯೋ ಮುಂಚೆ, ದಡದಲ್ಲೇ ಎಂಜಿನ್ ಬಿಸಿ ಮಾಡಿ ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿ.

ನಮ್ಮ ಟ್ರ್ಯಾಕ್ಟರಿಗೆ ಟಿ-ಜಾಯಿಂಟ್ ಹಾಕಿ ಆ ಗೇಜನ್ನೂ ಅಲ್ಲೇ ಉಳಿಸ್ಕೊಂಡ್ವಿ. ಎರಡನೇ ಸಲದ ಆಯಿಲ್ ದುಡ್ಡು ಯಾರ ಲೆಕ್ಕಕ್ಕೆ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.