ಪಾರದದ ಕೂಸು, ಅಕ್ಕಲಕೋಟೆಯ ಅರಸ



ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವವರು ಬಹಳ ಮಂದಿ ಸ್ವಾಮಿ ಸಮರ್ಥರ ದರ್ಶನ ಮಾಡಿಕೊಂಡು ಹಿಂದಿರುಗುತ್ತಾರೆ. ರಾಜವಾಡೆಯ ಶಸ್ತ್ರಾಗಾರ ನೋಡುವವರು ಕಡಿಮೆ. ಆ ರಾಜಮನೆತನದ ಮೂಲಪುರುಷ ಫತ್ತೇಸಿಂಹ ಭೋಸಲೆಯವರನ್ನು ಕುರಿತು ಇಂದು ನಾಲ್ಕು ಮಾತು.

ಅವರು ಹುಟ್ಟಿನಿಂದ ಭೋಸಲೆಯೂ ಅಲ್ಲ, ಫತ್ತೇಸಿಂಹರೂ ಅಲ್ಲ. 1707ರಲ್ಲಿ ಔರಂಗಜೇಬ ತೀರಿದ ಮೇಲೆ ಶಿವಾಜಿಯ ಮೊಮ್ಮಗ ಶಾಹು ಮೊಗಲರ ಸೆರೆಯಿಂದ ಬಿಡುಗಡೆಯಾಗಿ ತಮ್ಮ ನಾಡಿನತ್ತ ಹೊರಟರು. ಅಲ್ಲಿ ಚಿಕ್ಕಮ್ಮ ತಾರಾಬಾಯಿ ಮಗನ ಹೆಸರಿನಲ್ಲಿ ಆಳುತ್ತಿದ್ದರು. ನಿಜವಾದ ಒಡೆಯರು ಯಾರೆಂಬುದೇ ಜನಕ್ಕೆ ತಿಳಿಯದ ಕಾಲ. ದಾರಿಯಲ್ಲಿ ಪಾರದ ಎಂಬ ಊರು ಎದುರು ನಿಂತಿತು. ಕಾಳಗದಲ್ಲಿ ಊರ ಪಾಟೀಲ, ಲೋಖಂಡೆ ಮನೆತನದವನು, ಸತ್ತ. ಅವನ ಹೆಂಡತಿ ಎಳೆಯ ಮಗ ರಾಣೋಜಿಯನ್ನು ತಂದು ಶಾಹುವಿನ ಪಾದಕ್ಕೆ ಹಾಕಿದಳು. ಶಾಹು ಎತ್ತಿಕೊಂಡರು. ಗೆಲುವಿನ ನೆನಪಿಗೆ ಫತ್ತೇಸಿಂಹ ಎಂದು ಹೆಸರಿಟ್ಟು, ತಮ್ಮ ಅಡ್ಡಹೆಸರನ್ನೇ ಕೊಟ್ಟು ಮಗನಂತೆ ಸಾಕಿದರು.

ಇದನ್ನು ದೊಡ್ಡವರ ಔದಾರ್ಯವೆಂದು ಹೇಳಿ ಮುಗಿಸುವುದು ವಾಡಿಕೆ. ನನಗೆ ಇನ್ನೊಂದು ಕಾಣುತ್ತದೆ. 1689ರಲ್ಲಿ ಔರಂಗಜೇಬ ಸಂಭಾಜಿಯನ್ನು ಕೊಲ್ಲಿಸಿದ. ಅದೇ ವರ್ಷ ರಾಯಗಡ ಬಿದ್ದು, ಏಳು ವರ್ಷದ ಶಾಹು ತಾಯಿಯೊಡನೆ ಸೆರೆಯಾದರು. ತಂದೆಯನ್ನು ಕೊಂದವನ ಛಾವಣಿಯಲ್ಲೇ ಬೆಳೆದವರು ಅವರು. ಆ ಕೂಸಿನಲ್ಲಿ ತಮ್ಮನ್ನೇ ಕಂಡಿರಬೇಕು.

ಬೆಳೆದ ಫತ್ತೇಸಿಂಹರು 1725ರಿಂದ 1727ರವರೆಗೆ ಬಾಜೀರಾಯನೊಡನೆ ನಮ್ಮ ಕನ್ನಡ ನಾಡಿಗೇ ದಂಡೆತ್ತಿ ಬಂದರು; ಶ್ರೀರಂಗಪಟ್ಟಣದವರೆಗೂ ದಂಡು ಹೋಯಿತು. 1740ರಲ್ಲಿ ರಘೂಜಿ ಭೋಸಲೆಯೊಡನೆ ಆರ್ಕಾಟಿನತ್ತ ನಡೆದರು. 1749ರಲ್ಲಿ ಶಾಹು ತೀರಿದಾಗ ಗಾದಿ ರಾಮರಾಜರಿಗೆ ಹೋಯಿತು; ಸಾಕುಮಗನಿಗೆ ಅಕ್ಕಲಕೋಟೆಯ ಜಹಗೀರು ಉಳಿಯಿತು. 1760ರಲ್ಲಿ ಅವರು ತೀರಿಕೊಂಡರು. 1848ರಲ್ಲಿ ಇಂಗ್ಲಿಷರು ಸಾತಾರೆಯ ಗಾದಿಯನ್ನೇ ನುಂಗಿದರು. ಅಕ್ಕಲಕೋಟೆಯ ಸಂಸ್ಥಾನ ಮಾತ್ರ 1948ರವರೆಗೂ ನಡೆಯಿತು.

ನಾನು ಬ್ಯಾಂಕಿನಲ್ಲಿ ಲೆಜರು ಬರೆಯುತ್ತಿದ್ದಾಗ, ಖಾತೆದಾರರ ಹೆಸರು ಬದಲಾದರೆ ಹಳೆಯದರ ಮೇಲೆ ಕೆಂಪು ಶಾಯಿಯ ಗೆರೆ ಎಳೆದು ಹೊಸದನ್ನು ಬರೆಯುತ್ತಿದ್ದೆವು. ಹಳೆಯ ಹೆಸರನ್ನು ಕೆರೆದು ಅಳಿಸಕೂಡದು. ಅದು ಓದಲು ಬರುವಂತಿರಬೇಕು. ರಾಣೋಜಿ ಲೋಖಂಡೆ ಎಂಬ ಹೆಸರೂ ಹಾಗೆಯೇ ಉಳಿಯಬೇಕು. ಗಂಡನನ್ನು ಕಳೆದುಕೊಂಡ ಬೆನ್ನಲ್ಲೇ ಮಗನ ಜೀವ ಉಳಿಯಲೆಂದು ಅವನನ್ನು ಗೆದ್ದವರಿಗೆ ಒಪ್ಪಿಸಿದ ತಾಯಿಯ ನೆನಪು ಇರುವುದು ಆ ಹೆಸರಿನಲ್ಲಿ. ಮುಂದಿನ ಸಲ ರಾಜವಾಡೆಯ ಮುಂದೆ ಹಾದುಹೋಗುವಾಗ ಅವಳನ್ನೂ ನೆನೆಯೋಣ.