ಚೆಂಡಿನ ತನಕ ಹೋದವರ ಲೆಕ್ಕ



ಘಟಿಕೋತ್ಸವದ ಮೈಕಿನ ಮುಂದೆ ದೈಹಿಕ ಶಿಕ್ಷಣ ವಿಭಾಗದವನನ್ನು ನಿಲ್ಲಿಸುವುದು ಅಪರೂಪ. ಮೈಕು ಸರಿಯಿದೆಯೇ ನೋಡಿ ಎಂದು ನಮ್ಮನ್ನು ಕರೆಯುವುದು ರೂಢಿ. ಧ್ವಜಕ್ಕೆ ಹಗ್ಗ ಕಟ್ಟುವುದು, ಮೆರವಣಿಗೆಯ ಸಾಲು ನೆಟ್ಟಗೆ ಮಾಡುವುದು, ಪರೀಕ್ಷೆಯ ದಿನ ಗೇಟಿನಲ್ಲಿ ನಿಲ್ಲುವುದು, ಪಿ.ಡಿ. ಸರ ಎಂದರೆ ಅಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಆಟ ಕಲಿಸುವುದು ಉಳಿದ ಹೊತ್ತಿನ ಕೆಲಸ. ಆ ಉಳಿದ ಹೊತ್ತಿನಲ್ಲೇ ಆಯುಷ್ಯ ಕಳೆದವನು ನಾನು. ಬೇರೆ ಏನೂ ಗೊತ್ತಿಲ್ಲ, ಅದನ್ನೇ ಹೇಳುತ್ತೇನೆ.

ನಮ್ಮ ವೃತ್ತಿಗೂ ಒಂದು ವಂಶಾವಳಿ ಇದೆ. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ತೆರೆದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೊರಟ ಭಾರತದ ತಂಡದ ಹೊಣೆ ಹೊತ್ತವರೂ ಅವರೇ. ಅದಕ್ಕೂ ಬಹಳ ಹಿಂದೆ ನಮ್ಮ ಕಡೆ ಗರಡಿಮನೆಗಳಿದ್ದವು, ವಸ್ತಾದರಿದ್ದರು. ವಸ್ತಾದರಿಗೆ ಸಂಬಳವಿರಲಿಲ್ಲ, ಮರ್ಯಾದೆಯಿತ್ತು. ನಮಗೆ ಸಂಬಳ ಇದೆ.

ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳ ಪಟ್ಟಿಯಲ್ಲಿ ಬೇಸ್‌ಬಾಲ್ ಕೂಡ ಇದೆ. ಹಾಗಾಗಿ ಕಬಡ್ಡಿ, ಖೋಖೋ ಆಡಿ ಬೆಳೆದ ಹುಡುಗರ ಕೈಗೆ ಒಂದು ದಿನ ಆ ದುಂಡನೆಯ ಬ್ಯಾಟು ಕೊಟ್ಟೆವು. “ಸರ, ಇದು ಮುರದ ಕ್ರಿಕೆಟ್ ಬ್ಯಾಟ್ ಏನ್ರಿ?” ಎಂದು ಒಬ್ಬ ಕೇಳಿದ. ನಮ್ಮ ಮೈದಾನ ಎರೆ ನೆಲದ್ದು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಲು ಸಿಕ್ಕಿಕೊಳ್ಳುತ್ತದೆ, ಮಳೆಗಾಲದಲ್ಲಿ ಬೂಟಿಗೆ ಮಣ್ಣು ಮೆತ್ತಿ ಕಾಲೇ ಏಳುವುದಿಲ್ಲ. ಅದರ ಮೇಲೆ ಸುಣ್ಣದ ಪುಡಿ ಹಾಕಿ 90 ಅಡಿಗೊಂದರಂತೆ ಮೂಲೆ ಗುರುತಿಸಿ, ಬೇಸಿನ ಜಾಗದಲ್ಲಿ ಮರಳು ತುಂಬಿದ ಗೋಣಿಚೀಲ ಇಟ್ಟೆವು. ಈ ಆಟದಲ್ಲಿ ಫೀಲ್ಡಿಂಗ್ ಮಾಡುವ ಒಂಬತ್ತು ಜನರಿಗೂ ಗ್ಲೌಸ್ ಬೇಕು. ನಮ್ಮಲ್ಲಿದ್ದದ್ದು ಎರಡು ತಂಡಕ್ಕೆ ಒಂದೇ ಸೆಟ್. ಸರದಿ ಬದಲಾದಾಗ ಒಬ್ಬ ಬೆವರಿನ ಗ್ಲೌಸ್ ಕಳಚಿ ನೆಲದ ಮೇಲಿಟ್ಟು ಹೋಗಬೇಕು, ಎದುರಾಳಿ ಅದನ್ನೇ ತೊಟ್ಟುಕೊಳ್ಳಬೇಕು.

ಅಫಜಲಪುರದ ಕಡೆಯ ಒಬ್ಬ ಹುಡುಗ ಎಡಚ. ಎಡಗೈಯಿಂದ ಎಸೆಯುವವನಿಗೆ ಗ್ಲೌಸ್ ಬಲಗೈಗೆ ಬೇಕು. ಅಂಥದ್ದು ನಮ್ಮಲ್ಲಿ ಒಂದೂ ಇರಲಿಲ್ಲ. ಅವನು ಎಡಗೈಗೇ ಗ್ಲೌಸ್ ತೊಟ್ಟು ಚೆಂಡು ಹಿಡಿಯುತ್ತಿದ್ದ. ಹಿಡಿದ ತಕ್ಷಣ ಗ್ಲೌಸನ್ನು ಬಲ ಕಂಕುಳಿಗೆ ಸಿಕ್ಕಿಸಿ, ಕೈ ಎಳೆದುಕೊಂಡು, ಅದೇ ಎಡಗೈಯಲ್ಲಿ ಚೆಂಡು ತೆಗೆದು ಎಸೆಯುತ್ತಿದ್ದ. ಮೊದಮೊದಲು ಗ್ಲೌಸ್ ಒಂದು ಕಡೆ ಬಿದ್ದರೆ ಚೆಂಡು ಇನ್ನೊಂದು ಕಡೆ. ಆಮೇಲಾಮೇಲೆ ಯಾವಾಗ ತೆಗೆದ, ಯಾವಾಗ ಎಸೆದ ಎಂಬುದು ಕಣ್ಣಿಗೆ ಕಾಣದಷ್ಟು ಪಳಗಿದ. ಅಮೆರಿಕದಲ್ಲಿ ಹುಟ್ಟಿನಿಂದಲೇ ಬಲ ಹಸ್ತವಿಲ್ಲದ ಜಿಮ್ ಅಬಟ್ ಎಂಬ ಪಿಚರ್ ಇದಕ್ಕಿಂತ ಕಷ್ಟದ ಅದಲುಬದಲು ಮಾಡುತ್ತ ಮಿಷಿಗನ್ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದರು. 1993ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಪರವಾಗಿ ಎದುರಾಳಿಗೆ ಒಂದೇ ಒಂದು ಹಿಟ್ ಕೊಡದೆ ಪೂರ್ತಿ ಪಂದ್ಯ ಮುಗಿಸಿದರು. ಅದನ್ನು ನಾನು ಓದಿದ್ದು ತೀರ ತಡವಾಗಿ. ನಮ್ಮ ಹುಡುಗನಿಗೆ ಯಾರ ಕಥೆಯೂ ಗೊತ್ತಿರಲಿಲ್ಲ. ಗ್ಲೌಸ್ ಇರಲಿಲ್ಲ, ದಾರಿ ಹುಡುಕಿಕೊಂಡ, ಅಷ್ಟೇ.

ಅಭ್ಯಾಸದ ವೇಳೆಯನ್ನು ನಮ್ಮಲ್ಲಿ ಕೋಚ್ ನಿರ್ಧರಿಸುವುದಿಲ್ಲ, ಬಸ್ಸು ನಿರ್ಧರಿಸುತ್ತದೆ. ಸಂಜೆಯ ಬಸ್ಸು ತಪ್ಪಿದರೆ ಹಳ್ಳಿ ಸೇರುವುದು ಹೇಗೆ? ಡಿಸೆಂಬರ್ ಬಂತೆಂದರೆ ತೊಗರಿ ರಾಶಿ, ಅರ್ಧ ತಂಡ ಹೊಲದಲ್ಲಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಾಗ ಎಲ್ಲರಂತೆ ನಾನೂ ಸಂತೋಷಪಟ್ಟೆ. ಆದರೆ ನನ್ನ ಹಾಜರಿ ಪುಸ್ತಕಕ್ಕೆ ತೊಗರಿ ಮಾಡಿದ ಉಪದ್ರವವನ್ನು ಯಾವ ಮಾನ್ಯತೆಯೂ ತುಂಬಿಕೊಡದು! ಇಷ್ಟರ ಮೇಲೆ ಮೂರು ವರ್ಷದಲ್ಲಿ ಹುಡುಗರು ಪದವಿ ಮುಗಿಸಿ ಹೊರಟುಬಿಡುತ್ತಾರೆ. ಕೈ ಪಳಗಿತು ಎನ್ನುವಷ್ಟರಲ್ಲಿ ಘಟಿಕೋತ್ಸವ. ಜೂನ್‌ನಲ್ಲಿ ಮತ್ತೆ ಹೊಸಬರು, ಮತ್ತೆ ಗ್ಲೌಸ್ ಯಾವ ಕೈಗೆ ಎಂಬಲ್ಲಿಂದಲೇ ಪಾಠ.

ಈ ಬದುಕನ್ನು ದೊಡ್ಡ ಅಳತೆಯಲ್ಲಿ ಬದುಕಿದವರು ಮೈಕ್ ಮಾರ್ಟಿನ್. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ಕೋಚ್. ಅದೇ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರು. ವೃತ್ತಿಪರ ಆಟದ ಕೆಳಹಂತದ ಲೀಗುಗಳಲ್ಲಿ ಕೆಲವು ವರ್ಷ ಕಳೆದರೂ ಮೇಲಿನ ಲೀಗಿಗೆ ಏರಲಿಲ್ಲ. ಒಂದು ಸಣ್ಣ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಕಲಿಸಿದರು. ಬಂದ ಕೆಲಸ ಮಾಡುವುದು ಪಿ.ಡಿ.ಗಳ ಹಣೆಬರಹ, ಅಲ್ಲಿಯೂ ಅಷ್ಟೇ. 1980ರಲ್ಲಿ ಮುಖ್ಯ ಕೋಚ್ ಆದವರು 2019ರ ತನಕ, 40 ಋತು, ಒಂದೇ ಮೈದಾನದಲ್ಲಿ ನಿಂತರು. ಒಂದು ವರ್ಷವೂ 40 ಪಂದ್ಯಕ್ಕಿಂತ ಕಡಿಮೆ ಗೆದ್ದವರಲ್ಲ. ಒಟ್ಟು ಗೆಲುವು 2,029. ಅಮೆರಿಕದ ಕಾಲೇಜು ಬೇಸ್‌ಬಾಲಿನ ಉನ್ನತ ವಿಭಾಗದಲ್ಲಿ ಅವರಿಗಿಂತ ಹೆಚ್ಚು ಗೆದ್ದವರು ಆವರೆಗೆ ಯಾರೂ ಇರಲಿಲ್ಲ.

ಕಾಲೇಜು ಬೇಸ್‌ಬಾಲಿನ ಕೊನೆಯ ಹಂತ 1950ರಿಂದ ಒಮಾಹಾ ನಗರದಲ್ಲಿ ನಡೆಯುತ್ತದೆ. ಅಲ್ಲಿಗೆ ಎಂಟೇ ತಂಡ ಹೋಗುವುದು. ಮಾರ್ಟಿನ್ ತಮ್ಮ ತಂಡವನ್ನು 17 ಸಲ ಕರೆದುಕೊಂಡು ಹೋದರು. 1986ರಲ್ಲಿ ಫೈನಲ್ ತಲುಪಿ ಸೋತರು, 1999ರಲ್ಲಿ ಮತ್ತೆ ಫೈನಲ್ ತಲುಪಿ ಸೋತರು. ನಿವೃತ್ತಿಯ ವರ್ಷ, 75ರ ವಯಸ್ಸಿನಲ್ಲಿ, ಕೊನೆಯ ಸಲ ಹೋಗಿ ಒಂದು ಪಂದ್ಯ ಗೆದ್ದು ಎರಡು ಸೋತು ಮರಳಿದರು. ಕಪ್ಪು ಒಂದು ಸಲವೂ ಸಿಗಲಿಲ್ಲ. 2024ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಬಂದ ಸುದ್ದಿಗಳಲ್ಲೂ 2,029ರ ಬೆನ್ನಿಗೆ ಆ ಸೊನ್ನೆ ಇದ್ದೇ ಇತ್ತು.

ಆ ಸೊನ್ನೆಯನ್ನು ಓದುವ ಬಗೆ ಬೇಸ್‌ಬಾಲಿನ ಸ್ಕೋರ್ ಬೋರ್ಡಿನಲ್ಲೇ ಇದೆ. ಅದರಲ್ಲಿ ಕೊನೆಗೆ ಮೂರು ಅಂಕಿಗಳಿರುತ್ತವೆ: ರನ್, ಹಿಟ್, ಎರರ್. ತಪ್ಪುಗಳನ್ನೂ ಎಣಿಸಿ, ಊರಿಗೆಲ್ಲ ಕಾಣುವಂತೆ ಹಚ್ಚುವ ಆಟ ಅದು. ಆದರೆ ಎರರ್ ಯಾರ ಹೆಸರಿಗೆ ಬೀಳುತ್ತದೆ? ಓಡಿಹೋಗಿ ಚೆಂಡನ್ನು ಮುಟ್ಟಿ, ಹಿಡಿಯಬಹುದಾಗಿದ್ದನ್ನು ಕೈಬಿಟ್ಟವನ ಹೆಸರಿಗೆ. ದೂರದಲ್ಲೇ ನಿಂತು, ಚೆಂಡು ದಾಟಿಹೋಗುವುದನ್ನು ನೋಡಿದವನ ಹೆಸರಿಗೆ ಸಾಮಾನ್ಯವಾಗಿ ಏನೂ ಬೀಳುವುದಿಲ್ಲ. ಅದು ಬ್ಯಾಟು ಬೀಸಿದವನ ಹಿಟ್ ಆಗಿ ಬರೆಯಲ್ಪಡುತ್ತದೆ. ಹೀಗಾಗಿ ಮೈಗಳ್ಳ ಫೀಲ್ಡರನ ಲೆಕ್ಕ ಬಹಳ ಚೊಕ್ಕಟವಾಗಿರುತ್ತದೆ. ಕೋಚ್ ಆದವನು ಆ ಪುಸ್ತಕವನ್ನು ನಂಬದೆ ಮೈದಾನವನ್ನೇ ನೋಡಬೇಕು. ಒಮಾಹಾದಲ್ಲಿ ಫೈನಲ್ ಸೋಲುವುದಕ್ಕೂ ಒಮಾಹಾ ತನಕ ಹೋಗಬೇಕು. ಮನೆಯಲ್ಲಿ ಕುಳಿತ ಸಾವಿರ ಕೋಚುಗಳ ಹೆಸರಿನ ಮುಂದೆ ಆ ಸೋಲು ಇಲ್ಲ.

ಇದನ್ನು ನಿಮಗೆ ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮಕ್ಕಳಲ್ಲಿ ಚೊಕ್ಕಟ ಲೆಕ್ಕದವರು ಜಾಸ್ತಿ. ಇಂಗ್ಲಿಷ್ ತಪ್ಪುತ್ತದೆಂದು ಸೆಮಿನಾರಿನಲ್ಲಿ ಎದ್ದು ನಿಲ್ಲಲಿಲ್ಲ, ತಪ್ಪೂ ಆಗಲಿಲ್ಲ. ಕಲಬುರಗಿಯ ಹುಡುಗರ ಮುಂದೆ ನಮ್ಮದೇನು ಎಂದು ಅರ್ಜಿ ಹಾಕಲಿಲ್ಲ, ತಿರಸ್ಕಾರವೂ ಬರಲಿಲ್ಲ. ಸಂವಿಧಾನದ 371(ಜೆ) ವಿಧಿಯಡಿ ಈ ಭಾಗಕ್ಕೆ ಮೀಸಲಾತಿ ಬಂದಿದೆ. ಅದು ಮೈದಾನದಲ್ಲಿ ನಿಮಗೆ ಜಾಗ ಕೊಡಬಹುದು, ಚೆಂಡಿನ ಹಿಂದೆ ನಿಮ್ಮ ಪರವಾಗಿ ಓಡದು. “ಸೋಲೇ ಗೆಲುವಿನ ಮೆಟ್ಟಿಲು” ಎಂದು ಬಹುಮಾನ ಹಂಚುವ ಅತಿಥಿಗಳು ಹೇಳುತ್ತಾರಲ್ಲ, ಆ ಮಾತನ್ನು ನಾನು ನಂಬುವವನಲ್ಲ. ಸೋಲು ತಾನಾಗಿ ಏನನ್ನೂ ಕಲಿಸುವುದಿಲ್ಲ. ಮರುದಿನ ಬೆಳಿಗ್ಗೆ ಅದೇ ಚೆಂಡನ್ನು ಅದೇ ಮೂಲೆಗೆ ಹೊಡೆಸಿ, ಮತ್ತೆ ಮತ್ತೆ ಹಿಡಿಸಬೇಕು. ಅದಕ್ಕೆ ಒಬ್ಬ ಕೋಚ್ ಬೇಕು. ಕೋಚ್ ಇಲ್ಲದ ಊರಿಗೆ ಹೋದರೆ ಆ ಬೆಳಗಿನ ಕೆಲಸ ನಿಮ್ಮ ಪಾಲಿಗೆ.

ಮಾರ್ಟಿನ್ ಕೈಕೆಳಗೆ ಬಸ್ಟರ್ ಪೋಸಿ ಎಂಬ ಹುಡುಗ ಬಂದ. ಮೊದಲ ವರ್ಷ ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡಿದ. ಮರುವರ್ಷ ಅವನನ್ನು ಬ್ಯಾಟು ಹಿಡಿದವನ ಹಿಂದೆ ಕುಕ್ಕರುಗಾಲಿನಲ್ಲಿ ಕೂರುವ ಕ್ಯಾಚರ್ ಮಾಡಿದರು. ಮೊಣಕಾಲು ಸವೆಯುವ ಜಾಗ ಅದು. ಹೊಸ ಜಾಗ ಒಪ್ಪಿಕೊಂಡ ಹುಡುಗ 2008ರಲ್ಲಿ ಒಂದು ಪಂದ್ಯದಲ್ಲಿ ಒಂಬತ್ತೂ ಜಾಗಗಳಲ್ಲಿ ಆಡಿ ತೋರಿಸಿದ. ಮುಂದೆ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ತಂಡದ ಕ್ಯಾಚರ್ ಆಗಿ 2010, 2012, 2014ರಲ್ಲಿ ಮೂರು ಸಲ ವರ್ಲ್ಡ್ ಸೀರೀಸ್ ಗೆದ್ದ. ಕೋಚಿಗೆ ಸಿಗದ ಕಪ್ಪು ಶಿಷ್ಯನಿಗೆ ಸಿಕ್ಕಿತು ಎಂದು ನಾನು ಹೇಳಹೊರಟಿಲ್ಲ, ಆ ಲೆಕ್ಕ ಬೇರೆ, ಈ ಲೆಕ್ಕ ಬೇರೆ. ಜಾಗ ಬದಲಿಸಿದಾಗ ಆ ಹುಡುಗ ಮುನಿಸಿಕೊಂಡು ಕೂರಲಿಲ್ಲ, ಅದು ನನಗೆ ಮುಖ್ಯ. ನಿಮ್ಮಲ್ಲಿ ಶಿಕ್ಷಕರಾಗಲು ಹೊರಟವರು ಬ್ಯಾಂಕಿನಲ್ಲಿ ಕೂರಬಹುದು, ಬಿ.ಎಸ್ಸಿ. ಓದಿದವರು ಪುಣೆಯ ಗೋದಾಮಿನಲ್ಲಿ ಲೆಕ್ಕ ಬರೆಯಬಹುದು. ಆರು ತಿಂಗಳು ಆ ಜಾಗದಲ್ಲಿ ಕುಳಿತು ನೋಡಿ, ಬೈಯುವುದಾದರೆ ಆಮೇಲೆ ಬೈಯಿರಿ.

ಪಾಲಕರಲ್ಲಿ ಒಂದು ಮಾತು. ಮಗಳು ಅಭ್ಯಾಸ ಮುಗಿಸಿ ತಡವಾಗಿ ಬಂದಳೆಂದು ತಂಡ ಬಿಡಿಸಬೇಡಿ. ಬಸ್ಸಿನ ವೇಳೆ ಬದಲಿಸಿ ಎಂದು ಡಿಪೋಗೆ ಅರ್ಜಿ ಕೊಡಿ, ಕಾಲೇಜಿನವರೂ ಸಹಿ ಹಾಕುತ್ತಾರೆ.

ಪದವಿ ಪಡೆದವರಿಗೂ ಒಂದು ಕೆಲಸವಿದೆ. ಕ್ರೀಡಾ ವಿಭಾಗದ ಜರ್ಸಿ, ಸ್ಪೈಕ್ ಬೂಟು, ಗ್ಲೌಸ್ ಯಾರ್ಯಾರ ಮನೆಯಲ್ಲಿ ಉಳಿದಿವೆ ಎಂಬ ಪಟ್ಟಿ ನಿಮ್ಮ ಈಗಿನ ಪಿ.ಡಿ. ಸರ ಹತ್ತಿರ ಇದೆ. ನನಗೂ ತೋರಿಸಿದ್ದಾರೆ, ಹೆಸರು ಓದುವುದಿಲ್ಲ. ಮುಂದಿನ ತಿಂಗಳು ಹೊಸ ತಂಡದ ಆಯ್ಕೆ ಇದೆ, ಅಷ್ಟರೊಳಗೆ ತಂದುಕೊಡಿ. ಗೌನು ಮರಳಿಸಲು ಸಾಲು ನಿಲ್ಲುವಾಗ ಜೇವರ್ಗಿ ಬಸ್ಸು ಹಿಡಿಯುವವರನ್ನು ಮುಂದೆ ಬಿಡಿ.